ಒಂದೇ ದಿನ ಕೂರಿಸಿದ ಎರಡು ಸೆರಾಮಿಕ್ ಕ್ಯಾಪ್‌ಗಳಲ್ಲಿ ಒಂದಕ್ಕೆ ಮಾತ್ರ ಕಲೆ ಹಿಡಿದಿದೆ: ಕಾರಣವೇನು?

ಪಾವಗಡದವನು

ಎಲ್ಲರಿಗೂ ನಮಸ್ಕಾರ. ಪಾವಗಡ ತಾಲ್ಲೂಕಿನ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲು ಹೇಗಿರುತ್ತದೆ ಎಂಬುದನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನೀರಿನ ಹೆಚ್ಚಿನ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್‌ನಿಂದ ಕಂದು ಪಟ್ಟಿ ಬಿದ್ದಿದ್ದ ಮೇಲಿನ ಎರಡು ಮುಂಬಲ್ಲುಗಳಿಗೆ ಕಳೆದ ವರ್ಷ ತುಮಕೂರಿನಲ್ಲಿ ಲಿಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್‌ನ ಕ್ಯಾಪ್ ಹಾಕಿಸಿಕೊಂಡೆ. ಎರಡೂ ಒಂದೇ ಲ್ಯಾಬ್‌ನಲ್ಲಿ, ಒಂದೇ ಎ2 ಬಣ್ಣದಲ್ಲಿ ತಯಾರಾದವು ಮತ್ತು ಒಂದೇ ದಿನ ಕೂರಿಸಲ್ಪಟ್ಟವು. ಎಡಗಡೆಯದು ಸ್ವಲ್ಪ ಉದ್ದವಾಗಿ ಕಾಣುತ್ತದೆ, ಕೆಳಗಿನ ಹಲ್ಲಿಗೂ ತಾಗುತ್ತದೆ ಎಂದು ಅಂಟಿಸಿದ ಮೇಲೆ ಅದರ ತುದಿಯನ್ನೂ ಹಿಂಭಾಗವನ್ನೂ ಬರ್ ಎಂಬ ತಿರುಗುವ ಉಜ್ಜುತುದಿಯಿಂದ ಉಜ್ಜಿ ಸರಿಮಾಡಿದರು. ಬಲಗಡೆಯದನ್ನು ಮುಟ್ಟಲಿಲ್ಲ.

ಈಗ ಎಡಗಡೆಯ ತುದಿಯಲ್ಲಿ ಚಹಾ ಬಣ್ಣದ ಮಬ್ಬು ಕಾಣಿಸುತ್ತಿದೆ, ಹಿಂಭಾಗದಲ್ಲಂತೂ ಕಂದು ಗೆರೆಗಳೇ ಎದ್ದಿವೆ. ಬ್ರಷ್‌ನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಬಲಗಡೆಯದು ಮೊದಲ ದಿನದಂತೆಯೇ ಹೊಳೆಯುತ್ತಿದೆ. ಕೇಳಿದರೆ ಕಾಫಿ, ಚಹಾ ಕಡಿಮೆ ಮಾಡಿ ಎಂದರು. ನಾನು ಕುಡಿಯುವ ಕಾಫಿ ಎಡಗಡೆಯ ಹಲ್ಲನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲವಲ್ಲ! ವಸ್ತುವೇ ಕಳಪೆಯೋ, ಉಜ್ಜಿದ್ದು ಕಾರಣವೋ, ಕ್ಯಾಪ್ ತೆಗೆಯದೆಯೇ ಇದನ್ನು ಸರಿಪಡಿಸಲು ಸಾಧ್ಯವೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಚಿಂತಾಮಣಿ ಮಂಡಿ

ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್‌ನದು ಹಾಕಿಸಿಕೊಂಡಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅದಕ್ಕೆ ಯಾವ ಕಲೆಯೂ ಹಿಡಿಯುವುದಿಲ್ಲ.

ಲ್ಯಾಬ್ ಕುಲುಮೆ

ನಾನು ತುಮಕೂರಿನ ಒಂದು ದಂತ ಲ್ಯಾಬ್‌ನಲ್ಲಿ ಸೆರಾಮಿಕ್ ವಿಭಾಗದ ತಂತ್ರಜ್ಞ. ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರವಿದೆ: ಉಜ್ಜಿದ ಕಡೆ ಕಲೆ ಹಿಡಿದಿದೆ, ಉಜ್ಜದ ಕಡೆ ಹಿಡಿದಿಲ್ಲ.

ಲ್ಯಾಬ್‌ನಿಂದ ಹೊರಡುವಾಗ ಕ್ಯಾಪ್‌ನ ಮೇಲೆ ಗ್ಲೇಜ್ ಎಂಬ ತೆಳುವಾದ ಗಾಜಿನ ಪದರವಿರುತ್ತದೆ. ಹಳೆಯ ಫೆಲ್ಡ್‌ಸ್ಪಾರ್ ಪೋರ್ಸಲಿನ್‌ನಲ್ಲಿ ಇದನ್ನು ಎರಡು ರೀತಿಯಲ್ಲಿ ಪಡೆಯಬಹುದು. ಏನನ್ನೂ ಹಚ್ಚದೆ ಕುಲುಮೆಯಲ್ಲಿ ಸರಿಯಾದ ಶಾಖಕ್ಕೆ ಒಯ್ದರೆ ಅದರ ಮೇಲ್ಮೈಯ ಗಾಜೇ ಮೆತ್ತಗಾಗಿ ಹರಿದು, ಸಣ್ಣ ಗುಳಿಗಳನ್ನು ಮುಚ್ಚಿ ಹೊಳಪಾಗುತ್ತದೆ. ಇದು ಸ್ವಯಂ ಗ್ಲೇಜ್. ಇಲ್ಲವೇ ಕಡಿಮೆ ಶಾಖಕ್ಕೆ ಕರಗುವ ಗಾಜಿನ ಪುಡಿಯನ್ನು ದ್ರವದಲ್ಲಿ ಕಲಸಿ, ಕುಂಚದಿಂದ ಹಚ್ಚಿ ಸುಡುತ್ತೇವೆ. ಇದು ಲೇಪ ಗ್ಲೇಜ್. ಲಿಥಿಯಂ ಡೈಸಿಲಿಕೇಟ್‌ಗೆ ಸಾಮಾನ್ಯವಾಗಿ ಲೇಪವೇ, ಸುಡುವ ಶಾಖ ಪುಡಿಯ ಜಾತಿಯ ಮೇಲೆ 700ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ.

ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯನ್ನು ನೆನೆಸಿಕೊಳ್ಳಿ. ಹೊಳಪಿರುವ ಕಡೆ ಎಣ್ಣೆ, ಅರಿಶಿನ ಒಂದೇ ಒರೆತಕ್ಕೆ ಹೋಗುತ್ತದೆ, ಹೊಳಪು ಕಿತ್ತುಹೋದ ಕಂಠದಲ್ಲಿ ಮಾತ್ರ ಹಳದಿ ಕೂತೇ ಇರುತ್ತದೆ. ನಿಮ್ಮ ಎಡ ಹಲ್ಲಿನ ತುದಿಗೆ ಆಗಿರುವುದೂ ಅದೇ.

ದಂತವೈದ್ಯೆ, ಕೋಲಾರ

ತಂತ್ರಜ್ಞರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಜಾಡಿಯ ಉದಾಹರಣೆ ಅರ್ಧ ಮಾತ್ರ ಸರಿ. ಜಾಡಿಯ ಒಡಲಿನ ಮಣ್ಣು ರಂಧ್ರಮಯ, ಅದು ಎಣ್ಣೆಯನ್ನು ಒಳಗೆ ಹೀರಿಕೊಳ್ಳುತ್ತದೆ. ಲಿಥಿಯಂ ಡೈಸಿಲಿಕೇಟ್ ಹಾಗಲ್ಲ. ಅದರ ಗಾತ್ರದ ಸುಮಾರು ಶೇಕಡಾ 70 ಭಾಗ ಸೂಜಿಯಂಥ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಉಳಿದದ್ದು ಗಾಜು. ಬಣ್ಣವನ್ನು ಒಳಕ್ಕೆ ಎಳೆದುಕೊಳ್ಳುವ ದಾರಿ ಅದರಲ್ಲಿ ಇಲ್ಲವೆಂದೇ ಹೇಳಬಹುದು. ಆದ್ದರಿಂದ ನೀವು ನೋಡುತ್ತಿರುವ ಕಂದು ಬಣ್ಣ ಬರ್ ಕೊರೆದ ಗೀರುಗಳಲ್ಲಿ ಸಿಕ್ಕಿಕೊಂಡಿರುವ ಚಹಾದ ಟ್ಯಾನಿನ್, ಜೊಲ್ಲಿನ ಪ್ರೋಟೀನ್ ಪೊರೆ ಮತ್ತು ಸೂಕ್ಷ್ಮಜೀವಿಗಳ ಪದರ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಒಳಗೆ ಇಳಿದ ಬಣ್ಣವನ್ನು ತೆಗೆಯಲಾಗದು, ಗೀರಿನಲ್ಲಿ ಕೂತ ಬಣ್ಣವನ್ನು ಗೀರಿನ ಸಮೇತ ತೆಗೆಯಬಹುದು.

ಚಿಂತಾಮಣಿಯವರ ಮಾತು ಸರಿಯಲ್ಲ. ಜಿರ್ಕೋನಿಯಾದಲ್ಲಿ ಗಾಜಿನ ಅಂಶ ಇಲ್ಲದಿರುವುದರಿಂದ ಅದು ಸ್ವಯಂ ಗ್ಲೇಜ್ ಆಗಲಾರದು, ಅದರ ಮೇಲೆ ಕಾಣುವ ಹೊಳಪು ಪ್ರತ್ಯೇಕವಾಗಿ ಹಚ್ಚಿದ ಗಾಜು ಅಥವಾ ಪಾಲಿಶ್. ಉಜ್ಜಿ ಹಾಗೆಯೇ ಬಿಟ್ಟ ಜಿರ್ಕೋನಿಯಾದ ಮೇಲೂ ಕಲೆ ಕೂರುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ಆ ಒರಟು ಮೇಲ್ಮೈ ಎದುರಿನ ನೈಜ ಹಲ್ಲಿನ ಎನಾಮೆಲ್ ಅನ್ನು ಸವೆಸುತ್ತದೆ. ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ ಎದುರು ಹಲ್ಲಿಗೆ ಗ್ಲೇಜ್ ಮಾಡಿದ್ದಕ್ಕಿಂತಲೂ ಮೃದು ಎಂಬುದು ಅನೇಕ ಪ್ರಯೋಗಗಳಲ್ಲಿ ಕಂಡುಬಂದಿದೆ.

ಚಿಂತಾಮಣಿ ಮಂಡಿ

ನಮ್ಮ ಅಣ್ಣನಿಗೆ ಜಿರ್ಕೋನಿಯಾ ಹಾಕಿಸಿದ್ದೇವೆ, ದಿನಕ್ಕೆ ಹತ್ತು ಚಹಾ ಕುಡಿಯುತ್ತಾರೆ, ಒಂದು ಚುಕ್ಕೆಯೂ ಇಲ್ಲ. ಪುಸ್ತಕದಲ್ಲಿ ಏನೇ ಇರಲಿ.

ದಂತವೈದ್ಯೆ, ಕೋಲಾರ

ನಿಮ್ಮ ಅಣ್ಣನವರ ಕ್ಯಾಪ್ ಅನ್ನು ಉಜ್ಜಿರಲಿಕ್ಕಿಲ್ಲ, ಅಥವಾ ಉಜ್ಜಿದವರು ಶ್ರದ್ಧೆಯಿಂದ ಪಾಲಿಶ್ ಮಾಡಿರಬೇಕು. ಅದು ನನ್ನ ಮಾತಿಗೆ ಪುರಾವೆಯೇ ಆಯಿತು.

ಗಡಿಯಾರದ ನಿವೃತ್ತ

ನಾನು ದಂತವೈದ್ಯನಲ್ಲ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಮೇಲ್ಮೈಗಳ ನುಣುಪನ್ನು ಅಳೆಯುವುದರಲ್ಲಿಯೇ ಬದುಕು ಕಳೆದವನು. ಇಲ್ಲಿ ಎಲ್ಲರೂ ಒರಟು, ನುಣುಪು ಎಂದು ಬಾಯಿಮಾತಿನಲ್ಲಿ ಹೇಳುತ್ತಿದ್ದೀರಿ. ನಮ್ಮಲ್ಲಿ ಆರ್‌ಎ ಎಂಬ ಅಳತೆಯಿತ್ತು. ಮೇಲ್ಮೈಯ ಉಬ್ಬುತಗ್ಗುಗಳು ನಡುಗೆರೆಯಿಂದ ಸರಾಸರಿ ಎಷ್ಟು ದೂರವಿವೆ ಎಂಬುದನ್ನು ಮೈಕ್ರಾನ್‌ಗಳಲ್ಲಿ ಹೇಳುವ ಸಂಖ್ಯೆ ಅದು. ಹಲ್ಲಿಗೆ ಅಂಥ ಯಾವುದಾದರೂ ಮಿತಿ ಇದೆಯೇ? ಎಷ್ಟು ಒರಟಾದರೆ ಕಲೆ ಹಿಡಿಯುತ್ತದೆ ಎಂದು ಗೊತ್ತಿಲ್ಲದೆ ಪಾಲಿಶ್ ಮಾಡಿದೆ ಎನ್ನುವುದು ಗೇಜ್ ಇಲ್ಲದೆ ಶಾಫ್ಟ್ ತಿರುಗಿಸಿದೆ ಎನ್ನುವ ಮಾತು.

ಪ್ರೋಸ್ತೋ ವಿದ್ಯಾರ್ಥಿನಿ

ಇದೆ, ಸರ್. ನಾನು ಕೃತಕ ದಂತಶಾಸ್ತ್ರದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ನಮ್ಮ ವಿಷಯದಲ್ಲಿ ಎಲ್ಲರೂ ಎತ್ತಿಹೇಳುವ ಅಂಕಿ ಆರ್‌ಎ 0.2 ಮೈಕ್ರಾನ್. 1997ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನದಿಂದ ಅದು ಪ್ರಚಾರಕ್ಕೆ ಬಂದಿತು. ಅದಕ್ಕಿಂತ ಕೆಳಗೆ ಎಷ್ಟೇ ನಯಗೊಳಿಸಿದರೂ ಬ್ಯಾಕ್ಟೀರಿಯಾ ಅಂಟುವುದು ಇನ್ನಷ್ಟು ಕಡಿಮೆಯಾಗುವುದಿಲ್ಲ, ಅದಕ್ಕಿಂತ ಮೇಲೆ ಹೋದಂತೆ ಪ್ಲಾಕ್, ಅಂದರೆ ಹಲ್ಲಿಗಂಟುವ ಸೂಕ್ಷ್ಮಜೀವಿಗಳ ಪದರ, ಹೆಚ್ಚುತ್ತದೆ ಎಂಬುದು ಅದರ ಸಾರಾಂಶ. ಡೈಮಂಡ್ ಬರ್ ತಾಗಿದ ಸೆರಾಮಿಕ್ ಈ ಮಿತಿಯನ್ನು ಹಲವು ಪಟ್ಟು ದಾಟಿರುತ್ತದೆ. ಬರ್‌ನ ಕತ್ತಿನ ಮೇಲಿನ ಬಣ್ಣದ ಪಟ್ಟಿಯಿಂದ ಅದರ ಒರಟುತನ ತಿಳಿಯುತ್ತದೆ: ಹಸಿರು ಪಟ್ಟಿಯದು ಒರಟು, ಕೆಂಪು ಪಟ್ಟಿಯದು ನಯ, ಹಳದಿಯದು ಇನ್ನೂ ನಯ. ಹಸಿರು ಪಟ್ಟಿಯ ಬರ್‌ನಿಂದ ಕ್ಯಾಪ್ ಸರಿಮಾಡಿ, ಪಾಲಿಶ್‌ಗೆಂದು ಒಂದು ಬಿಳಿ ರಬ್ಬರ್ ತುದಿ ಆಡಿಸಿ ಕಳಿಸಿದರೆ ಬೆಟ್ಟಗಳ ತಲೆ ಮಾತ್ರ ಹೊಳೆಯುತ್ತದೆ, ಕಣಿವೆಗಳು ಹಾಗೆಯೇ ಉಳಿಯುತ್ತವೆ.

ಪಾವಗಡದವರು ಒಂದು ಸರಳ ಪರೀಕ್ಷೆ ಮಾಡಿಕೊಳ್ಳಬಹುದು. ಎಡಗಡೆಯ ಹಲ್ಲಿನ ಹಿಂಭಾಗಕ್ಕೂ ಬಲಗಡೆಯದಕ್ಕೂ ನಾಲಿಗೆಯ ತುದಿಯನ್ನು ಆಡಿಸಿ ನೋಡಲಿ. ಅರ್ಧ ಮೈಕ್ರಾನ್‌ನಷ್ಟು ಒರಟುತನದ ವ್ಯತ್ಯಾಸವನ್ನು ನಾಲಿಗೆ ಗುರುತಿಸಬಲ್ಲದು.

ಗಡಿಯಾರದ ನಿವೃತ್ತ

ಸಂತೋಷ. ಆದರೆ ಒಂದು ಎಚ್ಚರಿಕೆ ಕೊಡುತ್ತೇನೆ. ಆರ್‌ಎ ಒಂದು ಸರಾಸರಿ ಮಾತ್ರ. ಎರಡು ಮೇಲ್ಮೈಗಳ ಆರ್‌ಎ ಒಂದೇ ಇದ್ದರೂ ಒಂದರಲ್ಲಿ ಅಗಲವಾದ ಆಳವಿಲ್ಲದ ಅಲೆಗಳಿರಬಹುದು, ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಕಿರಿದಾದ ಆಳ ಬಿರುಕಿರಬಹುದು. ಕಲೆಯ ದೃಷ್ಟಿಯಿಂದ ಎರಡನೆಯದೇ ಅಪಾಯ, ಏಕೆಂದರೆ ಬ್ರಷ್‌ನ ಎಳೆ ಅದರೊಳಗೆ ಇಳಿಯುವುದಿಲ್ಲ.

ಲ್ಯಾಬ್ ಕುಲುಮೆ

ಇದು ನಿಜ. ಪೋರ್ಸಲಿನ್ ಹಚ್ಚಿದ ಹಳೆಯ ಲೋಹದ ಕ್ಯಾಪ್‌ಗಳಲ್ಲಿ ಇದನ್ನು ನಾವು ಕಣ್ಣಾರೆ ನೋಡುತ್ತೇವೆ. ಪುಡಿಯನ್ನು ಕಲಸಿ ಪದರ ಪದರವಾಗಿ ಕಟ್ಟುವಾಗ ಗಾಳಿಗುಳ್ಳೆ ಉಳಿಯುತ್ತದೆ, ನಿರ್ವಾತ ಕುಲುಮೆಯಲ್ಲಿ ಸುಟ್ಟರೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಗ್ಲೇಜ್ ಇರುವವರೆಗೆ ಗುಳ್ಳೆಗಳು ಮುಚ್ಚಿರುತ್ತವೆ. ಉಜ್ಜಿದ ಕೂಡಲೇ ಅವು ಬಾಯಿ ತೆರೆಯುತ್ತವೆ, ಒಂದೊಂದರಲ್ಲೂ ಕಪ್ಪು ಚುಕ್ಕೆ ಕೂರುತ್ತದೆ. ಆ ಚುಕ್ಕೆಯನ್ನು ಎಷ್ಟು ಪಾಲಿಶ್ ಮಾಡಿದರೂ ಕೆಳಗಿನ ಮತ್ತೊಂದು ಗುಳ್ಳೆ ತೆರೆದುಕೊಳ್ಳುತ್ತದೆ. ಆದ್ದರಿಂದಲೇ ನನ್ನ ವಾದ ಇದು: ಉಜ್ಜಿದ ಮೇಲೆ ಕ್ಯಾಪ್ ಅನ್ನು ಲ್ಯಾಬ್‌ಗೆ ವಾಪಸ್ ಕಳಿಸಿ ಮತ್ತೆ ಗ್ಲೇಜ್ ಮಾಡಿಸಬೇಕು. ಬಾಯೊಳಗಿನ ಪಾಲಿಶ್ ಗ್ಲೇಜ್‌ಗೆ ಸಮನಲ್ಲ.

ದಂತವೈದ್ಯೆ, ಕೋಲಾರ

ಅಂಟಿಸಿದ ಮೇಲೆ ವಾಪಸ್ ಕಳಿಸುವುದು ಹೇಗೆ? ರೋಗಿಯನ್ನು ಕುಲುಮೆಗೆ ಹಾಕಲಾಗದು. ಲಿಥಿಯಂ ಡೈಸಿಲಿಕೇಟ್ ಅನ್ನು ತುಂಬ ಸಲ ಅಂಟಿಸಿದ ನಂತರವೇ ಕಚ್ಚಿಸಿ ನೋಡುತ್ತೇವೆ, ಏಕೆಂದರೆ ತೆಳುವಾದ ಸೆರಾಮಿಕ್ ಅನ್ನು ಸಿಮೆಂಟಿನ ಆಧಾರವಿಲ್ಲದೆ ಬಲವಾಗಿ ಕಚ್ಚಿಸಿದರೆ ಸೀಳುವ ಭಯವಿದೆ. ಹಾಗಾಗಿ ಪಾಲಿಶ್ ಒಂದೇ ದಾರಿ.

ಇನ್ನು ಅದು ಗ್ಲೇಜ್‌ಗೆ ಸಮನಲ್ಲ ಎಂಬ ನಂಬಿಕೆ ಹಳೆಯದು. ವಜ್ರದ ಕಣಗಳನ್ನು ತುಂಬಿದ ಸಿಲಿಕೋನ್ ಪಾಲಿಶರ್‌ಗಳು ಬಂದ ಮೇಲೆ ಚಿತ್ರ ಬದಲಾಗಿದೆ. ಮೊದಲು ಹಳದಿ ಪಟ್ಟಿಯ ಬರ್‌ನಿಂದ ಗೀರುಗಳನ್ನು ಕಿರಿದುಮಾಡಿ, ಆಮೇಲೆ ಒರಟು, ಮಧ್ಯಮ, ನಯ ಎಂಬ ಕ್ರಮದಲ್ಲಿ ಪಾಲಿಶರ್ ಆಡಿಸಿ, ಕೊನೆಗೆ ವಜ್ರದ ಪೇಸ್ಟ್ ಹಚ್ಚಿದರೆ ಗ್ಲೇಜ್‌ನಷ್ಟೇ, ಕೆಲವು ಪ್ರಯೋಗಗಳಲ್ಲಿ ಗ್ಲೇಜ್‌ಗಿಂತ ಹೆಚ್ಚು, ನಯವಾದ ಮೇಲ್ಮೈ ಸಿಗುತ್ತದೆ. ಕಾಫಿಯಲ್ಲಿ ನೆನೆಸಿದ ಮಾದರಿಗಳ ಬಣ್ಣವನ್ನು ಅಳೆದಾಗಲೂ ಪೂರ್ಣ ಕ್ರಮದ ಪಾಲಿಶ್ ಮತ್ತು ಗ್ಲೇಜ್ ಹತ್ತಿರ ಹತ್ತಿರ ನಿಲ್ಲುತ್ತವೆ, ಉಜ್ಜಿ ಬಿಟ್ಟದ್ದು ಮಾತ್ರ ದೂರ ಹಿಂದುಳಿಯುತ್ತದೆ. ಹಂತ ಬಿಟ್ಟರೆ ಮಾತ್ರ ಎಲ್ಲವೂ ಹಾಳು. ಹಿಂದಿನ ಹಂತದ ಗೀರು ಹೋಗುವವರೆಗೆ ಮುಂದಿನದಕ್ಕೆ ಹೋಗಬಾರದು, ಒತ್ತಡ ಹಗುರವಾಗಿರಬೇಕು, ಬಿಸಿಯಾಗದಂತೆ ನೀರು ಇರಬೇಕು. ಇದಕ್ಕೆಲ್ಲ ಹಿಡಿಯುವ ಸಮಯ ಹೆಚ್ಚೇನಲ್ಲ. ಆದರೆ ಹೊರಗೆ ಸಾಲುಗಟ್ಟಿ ಜನ ಕೂತಿರುವ ಕ್ಲಿನಿಕ್‌ಗಳಲ್ಲಿ ಮೊದಲು ಕತ್ತರಿಸಿಹೋಗುವ ಕೆಲಸ ಇದೇ ಎಂಬುದನ್ನು ನಮ್ಮ ವೃತ್ತಿಯವಳಾಗಿಯೇ ಹೇಳುತ್ತೇನೆ.

ಲ್ಯಾಬ್ ಕುಲುಮೆ

ಪ್ರಯೋಗಾಲಯದಲ್ಲಿ ಚಪ್ಪಟೆಯಾದ ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಪಾಲಿಶ್ ಮಾಡುವುದಕ್ಕೂ, ನಾಲಿಗೆ, ಕೆನ್ನೆ, ಜೊಲ್ಲುಗಳ ನಡುವೆ ದವಡೆಹಲ್ಲಿನ ಹಳ್ಳಗಳಲ್ಲಿ ಪಾಲಿಶರ್ ಆಡಿಸುವುದಕ್ಕೂ ಬಹಳ ಅಂತರವಿದೆ ಮೇಡಂ. ಆ ಹಳ್ಳಗಳಿಗೆ ರಬ್ಬರ್ ತುದಿ ಇಳಿಯುವುದೇ ಇಲ್ಲ.

ದಂತವೈದ್ಯೆ, ಕೋಲಾರ

ದವಡೆಹಲ್ಲಿನ ಹಳ್ಳಗಳ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಇಲ್ಲಿ ಮುಂಬಲ್ಲಿನ ತುದಿಯ ವಿಷಯ. ಮತ್ತೆ, ಗ್ಲೇಜ್ ಶಾಶ್ವತವೆಂದು ಭಾವಿಸಬಾರದು. ಆ ಪದರದ ದಪ್ಪ ಮೈಕ್ರಾನ್‌ಗಳ ಲೆಕ್ಕದ್ದು. ಕಚ್ಚುವ ಜಾಗದಲ್ಲಿ ಅದು ಕಾಲಕ್ರಮೇಣ ಸವೆದು ಕೆಳಗಿನ ಮೇಲ್ಮೈ ಹೊರಬರುತ್ತದೆ. ಗ್ಲೇಜ್ ಹಚ್ಚುವ ಮೊದಲು ಲ್ಯಾಬ್‌ನವರು ಕೆಳಗಿನ ಮೇಲ್ಮೈಯನ್ನು ನಯಮಾಡದೆ ಗೀರುಗಳ ಮೇಲೆಯೇ ಗಾಜು ಬಳಿದಿದ್ದರೆ, ಸವೆದ ಮೇಲೆ ಆ ಗೀರುಗಳು ಎದ್ದು ಬರುತ್ತವೆ. ಆಗ ರೋಗಿ ಬಂದು ಕೇಳುವುದು ನನ್ನನ್ನೇ ಹೊರತು ನಿಮ್ಮನ್ನಲ್ಲ.

ಲ್ಯಾಬ್ ಕುಲುಮೆ

ನಮ್ಮಲ್ಲಿ ಗ್ಲೇಜ್‌ಗೆ ಮುಂಚೆ ಪಾಲಿಶ್ ಮಾಡುತ್ತೇವೆ. ಎಲ್ಲ ಲ್ಯಾಬ್‌ಗಳ ಪರವಾಗಿ ನಾನು ಸಾಕ್ಷಿ ಹೇಳಲಾರೆ.

ಬಾಗೇಪಲ್ಲಿ ಮೇಷ್ಟ್ರು

ನನ್ನದು ಬೇರೆಯ ಅನುಮಾನ. ನಮ್ಮ ಬಾಗೇಪಲ್ಲಿ ಕಡೆಯ ನೀರಿನಲ್ಲಿಯೂ ಫ್ಲೋರೈಡ್ ಇದೆ. ಫ್ಲೋರೈಡ್ ಗಾಜನ್ನು ತಿನ್ನುತ್ತದೆ ಎಂದು ಎಲ್ಲೋ ಓದಿದ್ದೇನೆ. ಹಾಗಾದರೆ ಹಲ್ಲನ್ನು ಕೆಡಿಸಿದ ನೀರೇ ಅದರ ಮೇಲೆ ಹಾಕಿದ ಕ್ಯಾಪ್‌ನ ಗ್ಲೇಜ್ ಅನ್ನೂ ಕೆಡಿಸುತ್ತಿಲ್ಲವೇ? ಪಾವಗಡದವರ ಕಲೆಗೆ ಅದೂ ಒಂದು ಕಾರಣ ಏಕಾಗಬಾರದು?

ಪ್ರೋಸ್ತೋ ವಿದ್ಯಾರ್ಥಿನಿ

ಒಳ್ಳೆಯ ಪ್ರಶ್ನೆ ಮೇಷ್ಟ್ರೇ, ಆದರೆ ಪ್ರಮಾಣ ಮತ್ತು ಆಮ್ಲೀಯತೆ ಎರಡನ್ನೂ ನೋಡಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಿಮ್ಮ ಊರಿನ ನೀರಿನಲ್ಲಿ ಅದರ ಎರಡರಷ್ಟು ಇದೆಯೆಂದೇ ಇಟ್ಟುಕೊಳ್ಳೋಣ. ಆ ನೀರು ಆಮ್ಲೀಯವಲ್ಲ, ಆದ್ದರಿಂದ ಅದರಲ್ಲಿನ ಫ್ಲೋರೈಡ್ ಗಾಜನ್ನು ಕೊರೆಯುವ ರೂಪದಲ್ಲಿ ಇರುವುದಿಲ್ಲ. ಫ್ಲೋರೋಸಿಸ್ ಆಗುವುದು ಬಾಲ್ಯದಲ್ಲಿ, ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗ, ರಕ್ತದ ಮೂಲಕ. ಅದು ಮೇಲಿನಿಂದ ಹತ್ತಿದ ಕಲೆಯಲ್ಲ.

ಆದರೆ ನಿಮ್ಮ ಅನುಮಾನ ಪೂರ್ತಿ ಆಧಾರರಹಿತವೂ ಅಲ್ಲ. ಹುಳುಕು ತಡೆಯಲು ದಂತವೈದ್ಯರು ಹಚ್ಚುವ ಆಮ್ಲೀಯ ಫಾಸ್ಫೇಟ್ ಫ್ಲೋರೈಡ್ ಜೆಲ್‌ನ ಪ್ರಮಾಣ 1.23 ಶೇಕಡಾ, ಅಂದರೆ ಹತ್ತು ಲಕ್ಷಕ್ಕೆ 12,300 ಭಾಗ. ಅದು ಮಿತಿಯ ನೀರಿಗಿಂತ 8,000 ಪಟ್ಟಿಗೂ ಹೆಚ್ಚು, ಜೊತೆಗೆ ಸಾಕಷ್ಟು ಆಮ್ಲೀಯ. ಆ ಸ್ಥಿತಿಯಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಉಂಟಾಗಿ ಗ್ಲೇಜ್ ಅನ್ನು ನಿಜವಾಗಿಯೂ ಕೊರೆಯುತ್ತದೆ, ಹೊಳಪು ಮಂಕಾಗುತ್ತದೆ, ಆಮೇಲೆ ಕಲೆ ಕೂರುತ್ತದೆ. ಸೆರಾಮಿಕ್ ಕ್ಯಾಪ್ ಇರುವವರಿಗೆ ತಟಸ್ಥ ಸೋಡಿಯಂ ಫ್ಲೋರೈಡ್ ಬಳಸಬೇಕು ಎಂದು ನಮಗೆ ಕಲಿಸುವುದು ಇದಕ್ಕಾಗಿಯೇ. ದಿನನಿತ್ಯದ ಫ್ಲೋರೈಡ್ ಪೇಸ್ಟ್‌ನಿಂದ ಈ ಭಯವಿಲ್ಲ.

ಬಾಗೇಪಲ್ಲಿ ಮೇಷ್ಟ್ರು

ಈ ಲೆಕ್ಕವನ್ನು ಒಂಬತ್ತನೇ ತರಗತಿಯವರಿಗೆ ನಾಳೆಯೇ ಹೇಳುತ್ತೇನೆ. ಧನ್ಯವಾದಗಳು.

ಗುಬ್ಬಿ ತೋಟ

ಕಾಫಿ, ಚಹಾದ ಮಾತು ಆಯಿತು. ನಮ್ಮ ಕಡೆ ಊಟವಾದ ಮೇಲೆ ಎಲೆ ಅಡಿಕೆ ಇಲ್ಲದಿದ್ದರೆ ಊಟವೇ ಮುಗಿದಂತಲ್ಲ. ನಮ್ಮ ತಾಯಿಯ ಕ್ಯಾಪ್ ಕೂಡ ಕಂದಾಗಿದೆ, ಆದರೆ ಅವರದನ್ನು ಯಾರೂ ಉಜ್ಜಿಲ್ಲ. ಇದಕ್ಕೇನು ಹೇಳುತ್ತೀರಿ?

ದಂತವೈದ್ಯೆ, ಕೋಲಾರ

ನಿಮ್ಮ ತಾಯಿಯವರ ಕ್ಯಾಪ್‌ನ ಕಂದು ಒಸಡಿನ ಅಂಚಿನಲ್ಲಿದೆಯೋ, ನಡುವಿನಲ್ಲಿದೆಯೋ ಎಂಬುದನ್ನು ಮೊದಲು ನೋಡಿ. ಎಲೆ ಅಡಿಕೆ ಜಗಿಯುವವರಲ್ಲಿ ಅಡಿಕೆಯ ಟ್ಯಾನಿನ್, ಕಾಚಿನ ಬಣ್ಣ ಮತ್ತು ಸುಣ್ಣ ಒಟ್ಟಾಗಿ ದಂತಗಾರೆಯ ಜೊತೆ ಗಟ್ಟಿಯಾಗುತ್ತವೆ. ಅದು ನಯವಾದ ಗ್ಲೇಜ್ ಮೇಲೂ ಕೂರಬಲ್ಲದು, ಆದರೆ ನಯವಾದ ಮೇಲ್ಮೈಯಿಂದ ಅದನ್ನು ಶುಚಿಗೊಳಿಸುವುದು ಸುಲಭ. ಶುಚಿಗೊಳಿಸುವವರು ಕಂಪಿಸುವ ಲೋಹದ ಸ್ಕೇಲರ್ ತುದಿಯನ್ನು ಕ್ಯಾಪ್ ಮೇಲೆ ನೇರವಾಗಿ ಆಡಿಸಬಾರದು. ಒರಟು ಪ್ಯೂಮಿಸ್ ಪೇಸ್ಟ್ ಕೂಡ ಬೇಡ. ಕಲೆ ತೆಗೆಯಲು ಹೋಗಿ ಗ್ಲೇಜ್ ಅನ್ನೇ ತೆಗೆದರೆ ಮುಂದಿನ ಸಲ ಕಲೆ ಇನ್ನೂ ಬೇಗ ಬರುತ್ತದೆ.

ಕಲೆಯ ವಿಷಯ ಒತ್ತಟ್ಟಿಗಿರಲಿ, ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ವೈದ್ಯೆಯಾಗಿ ಅದನ್ನು ಹೇಳದೆ ಮುಂದೆ ಹೋಗಲಾರೆ.

ಗುಬ್ಬಿ ತೋಟ

ತೋಟದ ಸಾಲದ ಮಾತನ್ನು ಅವರು ಯಾವ ಗುಂಪಿನಲ್ಲಿಟ್ಟಿದ್ದಾರೋ ಕಾಣೆ. ಇರಲಿ, ಕಂದು ಇರುವುದು ಒಸಡಿನ ಅಂಚಿನಲ್ಲಿಯೇ, ಒಂದು ಗೆರೆಯಂತೆ.

ಲ್ಯಾಬ್ ಕುಲುಮೆ

ಹಾಗಾದರೆ ಅದು ಸೆರಾಮಿಕ್‌ನ ಕಲೆಯೇ ಅಲ್ಲದಿರಬಹುದು. ಕ್ಯಾಪ್ ಮತ್ತು ಹಲ್ಲು ಸೇರುವ ಕಡೆ ಸಿಮೆಂಟಿನ ಸಣ್ಣ ಗೆರೆ ಹೊರಗೆ ತೆರೆದಿರುತ್ತದೆ. ರೆಸಿನ್ ಸಿಮೆಂಟ್ ಪ್ಲಾಸ್ಟಿಕ್ ಜಾತಿಯದು, ಅದು ಬಣ್ಣವನ್ನು ನಿಜವಾಗಿಯೂ ಹೀರುತ್ತದೆ. ಲೋಹದ ಕ್ಯಾಪ್ ಆಗಿದ್ದರೆ ಅಂಚಿನ ಲೋಹವೇ ಕಪ್ಪಾಗಿ ಕಾಣುವುದೂ ಉಂಟು. ಕೆಳಗೆ ಹಲ್ಲೇ ಹುಳುಕಾಗುತ್ತಿದ್ದರೂ ಗೆರೆ ಕಾಣುತ್ತದೆ. ತೋರಿಸಿಕೊಳ್ಳಿ.

ಶ್ರೀನಿವಾಸಪುರ ಮಾವು

ಇದ್ದಿಲು ಪುಡಿ ಹಾಕಿ ತಿಕ್ಕಿದರೆ ಎಲ್ಲ ಕಲೆಯೂ ಹೋಗುತ್ತದೆ, ನಮ್ಮ ಹಿರಿಯರು ಮಾಡುತ್ತಿದ್ದುದು ಅದನ್ನೇ.

ದಂತವೈದ್ಯೆ, ಕೋಲಾರ

ಹಿರಿಯರ ಬಾಯಲ್ಲಿ ಸೆರಾಮಿಕ್ ಇರಲಿಲ್ಲ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಒರಟಾದ ಹಲ್ಲುಪುಡಿ ಯಾವುದನ್ನೂ ಕ್ಯಾಪ್‌ಗೆ ಹಚ್ಚಬೇಡಿ. ಸೆರಾಮಿಕ್ ಗಟ್ಟಿಯಿದ್ದರೂ ಅದರ ಮೇಲಿನ ಗ್ಲೇಜ್ ಮತ್ತು ಬಣ್ಣದ ಪದರ ಅಷ್ಟು ಗಟ್ಟಿಯಲ್ಲ. ಬ್ಲೀಚಿಂಗ್‌ನಿಂದ ಕ್ಯಾಪ್ ಬೆಳ್ಳಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಬ್ಲೀಚ್ ಸೆರಾಮಿಕ್‌ನ ಸ್ವಂತ ಬಣ್ಣವನ್ನು ಬದಲಿಸುವುದಿಲ್ಲ, ಪಕ್ಕದ ಹಲ್ಲುಗಳು ಬೆಳ್ಳಗಾಗಿ ಕ್ಯಾಪ್ ಇನ್ನಷ್ಟು ಹಳದಿಯಾಗಿ ಕಾಣುತ್ತದೆ ಅಷ್ಟೆ.

ಗಡಿಯಾರದ ನಿವೃತ್ತ

ಒರಟುತನದ ಅಳತೆ ಸಿಕ್ಕಿತು. ಕಲೆಯ ಅಳತೆ ಯಾವುದು? ಇವರು ಕಂದು ಎನ್ನುತ್ತಾರೆ, ಇನ್ನೊಬ್ಬರು ಮಬ್ಬು ಎನ್ನುತ್ತಾರೆ. ಕಣ್ಣಿನ ತೀರ್ಪನ್ನು ನಾವು ಕಾರ್ಖಾನೆಯಲ್ಲಿ ಒಪ್ಪುತ್ತಿರಲಿಲ್ಲ.

ಪ್ರೋಸ್ತೋ ವಿದ್ಯಾರ್ಥಿನಿ

ಬಣ್ಣವನ್ನು ಮೂರು ಅಂಕಿಗಳಲ್ಲಿ ಹೇಳುತ್ತೇವೆ: ಎಷ್ಟು ಬೆಳಕು, ಕೆಂಪು ಮತ್ತು ಹಸಿರಿನ ನಡುವೆ ಎಲ್ಲಿ, ಹಳದಿ ಮತ್ತು ನೀಲಿಯ ನಡುವೆ ಎಲ್ಲಿ. ಕಲೆಗೆ ಮುಂಚಿನ ಮತ್ತು ನಂತರದ ಬಣ್ಣಗಳ ನಡುವಿನ ದೂರವೇ ಡೆಲ್ಟಾ ಇ. 1976ರ ಸೂತ್ರದ ಪ್ರಕಾರ ಸುಮಾರು 1.2ರಷ್ಟು ವ್ಯತ್ಯಾಸವನ್ನು ನೋಡುವವರಲ್ಲಿ ಅರ್ಧದಷ್ಟು ಜನ ಗುರುತಿಸುತ್ತಾರೆ, ಸುಮಾರು 2.7ಕ್ಕೆ ಅರ್ಧದಷ್ಟು ಜನ ಇದು ಒಪ್ಪತಕ್ಕದ್ದಲ್ಲ ಎನ್ನುತ್ತಾರೆ. ಹಳೆಯ ಲೇಖನಗಳು 3.3 ಎಂಬ ಮಿತಿಯನ್ನು ಬಳಸುತ್ತಿದ್ದವು. ಆದ್ದರಿಂದ ಒಂದು ಲೇಖನ ಕಲೆ ಒಪ್ಪಬಹುದಾದ ಮಿತಿಯಲ್ಲಿದೆ ಎಂದರೆ ಯಾವ ಮಿತಿ ಎಂದು ಕೇಳಬೇಕು. ಅಳೆಯುವುದು ಸ್ಪೆಕ್ಟ್ರೋಫೋಟೋಮೀಟರ್‌ನಿಂದ, ಕಣ್ಣಿನಿಂದಲ್ಲ.

ಈ ಅಳತೆಯಲ್ಲಿ ವಸ್ತುಗಳ ನಡುವಿನ ಭೇದ ಚೆನ್ನಾಗಿ ಕಾಣುತ್ತದೆ. ಅಪ್ಪಟ ಸೆರಾಮಿಕ್‌ಗಳ ಬಣ್ಣ ಕಡಿಮೆ ಬದಲಾಗುತ್ತದೆ. ಸೆರಾಮಿಕ್ ಮತ್ತು ರೆಸಿನ್ ಬೆರೆತ ಹೈಬ್ರಿಡ್ ಬ್ಲಾಕ್‌ಗಳ ಬಣ್ಣ ಹೆಚ್ಚು ಬದಲಾಗುತ್ತದೆ, ಏಕೆಂದರೆ ಅವುಗಳಲ್ಲಿರುವ ಪಾಲಿಮರ್ ನೀರನ್ನೂ ಕಾಫಿಯ ಹಳದಿ ವರ್ಣವನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಹೈಬ್ರಿಡ್‌ಗಳಲ್ಲಿ ಕುಲುಮೆಯ ಗ್ಲೇಜ್ ಸಾಧ್ಯವೇ ಇಲ್ಲ, ರೆಸಿನ್ ಸುಟ್ಟುಹೋಗುತ್ತದೆ. ಅವುಗಳ ಭವಿಷ್ಯವೆಲ್ಲ ಪಾಲಿಶ್‌ನ ಕೈಯಲ್ಲಿದೆ.

ಗಡಿಯಾರದ ನಿವೃತ್ತ

ಕಾಫಿಯಲ್ಲಿ ನೆನೆಸುವುದು ಎಂದಿರಲ್ಲ, ಎಷ್ಟು ಹೊತ್ತು? ಯಾರೂ ಕಾಫಿಯನ್ನು ಬಾಯಲ್ಲಿಟ್ಟುಕೊಂಡು ಮಲಗುವುದಿಲ್ಲ.

ಪ್ರೋಸ್ತೋ ವಿದ್ಯಾರ್ಥಿನಿ

ಅದೇ ಈ ಪ್ರಯೋಗಗಳ ದೌರ್ಬಲ್ಯ. 24 ಗಂಟೆ ನೆನೆಸಿದರೆ ಸುಮಾರು ಒಂದು ತಿಂಗಳ ಕುಡಿತಕ್ಕೆ ಸಮ ಎಂಬ ಅಂದಾಜಿನ ಮೇಲೆ ಅನೇಕರು ಹೊರಡುತ್ತಾರೆ. ಬಾಯಲ್ಲಿ ಜೊಲ್ಲು ತೊಳೆಯುತ್ತಿರುತ್ತದೆ, ಬ್ರಷ್ ಆಡುತ್ತದೆ, ಬಿಸಿ ಮತ್ತು ತಂಪು ಬದಲಾಗುತ್ತಿರುತ್ತವೆ. 5 ಮತ್ತು 55 ಡಿಗ್ರಿ ನೀರಿನ ನಡುವೆ ಸಾವಿರಾರು ಸಲ ಅದ್ದುವುದರಿಂದ ಈ ಕೊನೆಯದನ್ನಷ್ಟೇ ಸ್ವಲ್ಪ ಮಟ್ಟಿಗೆ ಅನುಕರಿಸುತ್ತೇವೆ. ಆದ್ದರಿಂದ ಅಂಕಿಗಳನ್ನು ಭವಿಷ್ಯವಾಣಿಯಂತೆ ಓದಬಾರದು. ಯಾವ ಮೇಲ್ಮೈ ಯಾವುದಕ್ಕಿಂತ ಹೆಚ್ಚು ಕಲೆ ಹಿಡಿಯುತ್ತದೆ ಎಂಬ ಹೋಲಿಕೆಗೆ ಮಾತ್ರ ಅವು ಉಪಯುಕ್ತ.

ಇನ್ನೊಂದು ಮಾತು: ಚಹಾಕ್ಕೆ ಹಾಲು ಬೆರೆಸಿದರೆ ಹಾಲಿನ ಕೇಸೀನ್ ಟ್ಯಾನಿನ್ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಕಲೆ ಕಡಿಮೆಯಾಗುತ್ತದೆ.

ಚಿಂತಾಮಣಿ ಮಂಡಿ

ಹಾಗಾದರೆ ನಮ್ಮ ಅಣ್ಣನ ಹಲ್ಲನ್ನು ಕಾಪಾಡಿದ್ದು ಪಾಲಿಶ್ ಅಲ್ಲ, ಕೋಲಾರದ ಹಾಲು.

ಪಾವಗಡದವನು

ಎಲ್ಲರಿಗೂ ಕೃತಜ್ಞತೆಗಳು. ನಾಲಿಗೆಯ ಪರೀಕ್ಷೆ ಮಾಡಿದೆ. ಎಡಗಡೆಯದರ ಹಿಂಭಾಗ ಸ್ಪಷ್ಟವಾಗಿ ತರಿತರಿಯಾಗಿದೆ, ಬಲಗಡೆಯದು ಗಾಜಿನಂತಿದೆ. ಇನ್ನೊಂದು ವಿಷಯ ಹೇಳುವುದನ್ನು ಬಿಟ್ಟಿದ್ದೆ: ಕ್ಯಾಪ್ ಹಾಕಿದ ಹೊಸದರಲ್ಲಿ ಒಸಡು ಊದಿತ್ತೆಂದು ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಬಾಯಿ ಮುಕ್ಕಳಿಸಲು ಬರೆದುಕೊಟ್ಟಿದ್ದರು, ನಾನು ಅದನ್ನು ಬಹಳ ಕಾಲ ಮುಂದುವರಿಸಿದೆ. ಈಗ ಪಾಲಿಶ್ ಮಾಡಿಸಲು ಹೋಗುವ ಮೊದಲು ಕೇಳುತ್ತೇನೆ, ಪಾಲಿಶ್ ಮಾಡಿದರೆ ಕ್ಯಾಪ್‌ನ ಬಣ್ಣವೇ ಬದಲಾಗುವ ಅಪಾಯವಿದೆಯೇ?

ಲ್ಯಾಬ್ ಕುಲುಮೆ

ಇದೆ, ಮತ್ತು ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ನಿಮ್ಮದು ಒಂದೇ ತುಂಡಿನಲ್ಲಿ ಒತ್ತಿ ತೆಗೆದ ಅಥವಾ ಯಂತ್ರ ಕಡೆದ ಕ್ಯಾಪ್ ಆಗಿದ್ದರೆ ಮೂಲ ಬಣ್ಣ ಮಾತ್ರ ಒಳಗಿನದು. ತುದಿಯ ನೀಲಿಛಾಯೆ, ಒಸಡಿನ ಬಳಿಯ ಹಳದಿ, ಸಣ್ಣ ಬಿಳಿ ಮೋಡ ಎಲ್ಲವನ್ನೂ ನಾವು ಮೇಲ್ಮೈಯಲ್ಲಿ ಬಣ್ಣದಿಂದ ಬರೆದು, ಅದರ ಮೇಲೆ ಗ್ಲೇಜ್ ಸುಟ್ಟಿರುತ್ತೇವೆ. ಮುಖಭಾಗವನ್ನು ಜೋರಾಗಿ ಪಾಲಿಶ್ ಮಾಡಿದರೆ ಕಾಫಿಯ ಕಲೆಯೊಂದಿಗೆ ನಮ್ಮ ಚಿತ್ರವೂ ಹೋಗುತ್ತದೆ, ಎರಡು ಮುಂಬಲ್ಲುಗಳು ಬೇರೆ ಬೇರೆ ಮನೆಯವುಗಳಂತೆ ಕಾಣುತ್ತವೆ. ಪದರ ಪದರವಾಗಿ ಕಟ್ಟಿದ ಕ್ಯಾಪ್‌ಗೆ ಈ ಭಯ ಕಡಿಮೆ, ಅದರ ಬಣ್ಣ ಆಳದಲ್ಲಿರುತ್ತದೆ. ಯಾವ ರೀತಿಯದೆಂದು ಲ್ಯಾಬ್‌ನ ಚೀಟಿ ನೋಡಿ ತಿಳಿದುಕೊಳ್ಳಿ. ಉಜ್ಜಿದ ಜಾಗದಲ್ಲಿ ಮೇಲ್ಬಣ್ಣ ಈಗಾಗಲೇ ಹೋಗಿರುವುದರಿಂದ ಅಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಮುಖಭಾಗವನ್ನು ಮುಟ್ಟಬಾರದೆಂದು ಸ್ಪಷ್ಟವಾಗಿ ಹೇಳಿ.

ದಂತವೈದ್ಯೆ, ಕೋಲಾರ

ಕ್ಲೋರ್‌ಹೆಕ್ಸಿಡಿನ್ ಕಥೆ ಈಗ ಬಂತು! ಅದು ಹಲ್ಲು, ನಾಲಿಗೆ, ಸೆರಾಮಿಕ್ ಎಲ್ಲದರ ಮೇಲೆ ಅಂಟಿ ಕುಳಿತು ಚಹಾ, ಕಾಫಿಯ ವರ್ಣದ್ರವ್ಯಗಳನ್ನು ಎಳೆದುಕೊಂಡು ಕಂದು ಪದರ ಮಾಡುತ್ತದೆ. ಎರಡು ವಾರಗಳಿಗಿಂತ ಹೆಚ್ಚು ಕಾಲ ಅದನ್ನು ವೈದ್ಯರನ್ನು ಕೇಳದೆ ಮುಂದುವರಿಸಬಾರದು. ಬಲಗಡೆಯ ಕ್ಯಾಪ್ ಮೇಲೂ ಅದು ಬಂದಿರುತ್ತದೆ, ನಯವಾಗಿರುವುದರಿಂದ ಬ್ರಷ್‌ಗೆ ಹೋಗಿದೆ. ಎಡಗಡೆಯದರಲ್ಲಿ ಗೀರುಗಳು ಬಿಟ್ಟುಕೊಡಲಿಲ್ಲ.

ಪಾವಗಡದವನು

ನಿನ್ನೆ ಪಾಲಿಶ್ ಆಯಿತು. ಅದೇ ಕ್ಲಿನಿಕ್‌ಗೆ ಹೋಗದೆ ಬೇರೆಯವರಲ್ಲಿ ಮಾಡಿಸಿದೆ. ಮೂರು ಬಣ್ಣದ ರಬ್ಬರ್ ತುದಿಗಳನ್ನು ಒಂದಾದ ಮೇಲೊಂದು ಆಡಿಸಿ, ಕೊನೆಗೆ ಬೂದು ಪೇಸ್ಟ್ ಹಚ್ಚಿದರು, ಮುಖಭಾಗವನ್ನು ಮುಟ್ಟಲಿಲ್ಲ. ಹಿಂಭಾಗದ ಗೆರೆಗಳು ಪೂರ್ತಿ ಹೋದವು, ನಾಲಿಗೆಗೆ ಈಗ ಎಡ ಬಲ ಗೊತ್ತಾಗುವುದಿಲ್ಲ. ತುದಿಯ ಮಬ್ಬು ಹೋಯಿತು, ಆದರೆ ಅಲ್ಲಿ ಬಲಗಡೆಯದಕ್ಕಿರುವ ನೀಲಿಛಾಯೆ ಇಲ್ಲದಿರುವುದು ಈಗ ಎದ್ದು ಕಾಣುತ್ತಿದೆ.

ಲ್ಯಾಬ್ ಕುಲುಮೆ

ಅದು ಉಜ್ಜಿದ ದಿನವೇ ಹೋದದ್ದು, ಕಲೆ ಅದನ್ನು ಮುಚ್ಚಿಟ್ಟಿತ್ತು. ಕ್ಯಾಪ್ ತೆಗೆಯದೆ ಅದನ್ನು ಮರಳಿ ತರಲಾಗದು. ಮುಂದೆ ಕ್ಯಾಪ್ ಮಾಡಿಸುವವರು ಅಂಟಿಸುವ ಮುನ್ನವೇ ಉದ್ದವನ್ನು ಕನ್ನಡಿಯಲ್ಲಿ ನೋಡಿ ಒಪ್ಪಿಗೆ ಕೊಡಲಿ. ಉದ್ದ ಕಡಿಮೆ ಮಾಡಬೇಕಿದ್ದರೆ ಆಗಲೇ ಲ್ಯಾಬ್‌ಗೆ ವಾಪಸ್ ಬರಲಿ, ತುದಿಯನ್ನು ಮತ್ತೆ ಬರೆದು ಗ್ಲೇಜ್ ಸುಟ್ಟು ಕಳಿಸುತ್ತೇವೆ.

ದಂತವೈದ್ಯೆ, ಕೋಲಾರ

ಉದ್ದದ ವಿಷಯದಲ್ಲಿ ಇದನ್ನು ನಾನೂ ಅನುಮೋದಿಸುತ್ತೇನೆ. ಕಚ್ಚುವುದನ್ನು ಸರಿಮಾಡುವುದು ಮಾತ್ರ ಅಂಟಿಸಿದ ಮೇಲೆಯೇ, ಪಾಲಿಶ್‌ನೊಂದಿಗೆ.

ಗುಬ್ಬಿ ತೋಟ

ತಾಯಿಯವರನ್ನು ತೋರಿಸಿಕೊಂಡು ಬಂದೆ. ಅವರದು ಹಳೆಯ ಲೋಹದ ಕ್ಯಾಪ್ ಅಂತೆ, ಒಸಡು ಹಿಂದೆ ಸರಿದು ಅಂಚಿನ ಲೋಹ ಕಾಣುತ್ತಿದೆ, ಅದರ ಮೇಲೆ ಅಡಿಕೆಯ ಬಣ್ಣ ಕೂತಿದೆ. ಕೆಳಗೆ ಹುಳುಕಿಲ್ಲ ಎಂದರು. ಶುಚಿ ಮಾಡಿಸಿದೆವು, ಸಂಜೆಗೆ ಮತ್ತೆ ಎಲೆ ಹಾಕಿಕೊಂಡರು.